ಅನುಬಂಧ ಎರಡು

ವಿಶ್ವವಿದ್ಯಾಲಯದ ಹಿಂಬಾಗಿಲಿಗೆ ಎದುರಾಗಿ, ರಸ್ತೆಯ ಈಚೆ ಬದಿಗೆ, ಗಂಡಹೆಂಡತಿ ಇಬ್ಬರೇ ನಡೆಸುವ ಅಂಗಡಿಯೊಂದಿತ್ತು. ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಗೆ ಒತ್ತಿಟ್ಟ ಮರದ ಬೆಂಚು. ಹಿಂದಿನ ಕೋಣೆಯಲ್ಲಿ ಗೋಂದಿನ ಡಬ್ಬ, ರೆಕ್ಸಿನ್ನಿನ ಸುರುಳಿಗಳು, ಹಾಳೆ ಕತ್ತರಿಸುವ ಯಂತ್ರ. ಮುಂದಿನದು ಹೆಂಡತಿಯ ರಾಜ್ಯ, ಹಿಂದಿನದು ಗಂಡನದು. ಸಂಶೋಧನೆ ಮುಗಿಸಿದ ಹುಡುಗ ಹುಡುಗಿಯರು ಮುಂದಿನ ಕೋಣೆಗೆ ಪೆನ್ ಡ್ರೈವ್ ಹಿಡಿದುಕೊಂಡು ಬರುತ್ತಿದ್ದರು. ಹಿಂದಿನ ಕೋಣೆಯಿಂದ ಬಂಗಾರದ ಅಕ್ಷರದ ದಪ್ಪ ಪುಸ್ತಕ ಎದೆಗೊತ್ತಿಕೊಂಡು ಹೋಗುತ್ತಿದ್ದರು.

ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಮಾರ್ಜಿನ್ ಅಕ್ಕ ಅಂತ. ಆ ಹೆಸರು ಸುಮ್ಮನೆ ಬಂದದ್ದಲ್ಲ. ಯಾರೇ ಬರಲಿ, ಅವರು ಬೆಂಚಿನ ಮೇಲೆ ಕೂರುವ ಮೊದಲೇ ಆಕೆಯ ಮಾತು ಶುರುವಾಗುತ್ತಿತ್ತು. "ಎಡಗಡೆ ಒಂದೂವರೆ ಇಂಚು ಬಿಟ್ಟಿದ್ದೀರಾ? ಬಿಡದಿದ್ರೆ ನಮ್ಮ ಯಜಮಾನರ ಸೂಜಿ ನಿಮ್ಮ ಮೊದಲನೇ ಅಕ್ಷರಕ್ಕೇ ಚುಚ್ಚತ್ತೆ. ಆಮೇಲೆ ನಿಮ್ಮ 'ಪ್ರಸ್ತಾವನೆ' ಬರೀ 'ಸ್ತಾವನೆ' ಆಗತ್ತೆ ನೋಡಿ."

ನಾಲ್ಕೈದು ವರ್ಷ ತಲೆಗೆ ಹುಳ ಬಿಟ್ಟುಕೊಂಡು ಬರೆದ ಪ್ರಬಂಧಗಳು ಅವಳ ಕೈಗೆ ಬರುವಾಗ ಬಿಚ್ಚಿದ ಗಂಟಿನ ಹಾಗಿರುತ್ತಿದ್ದವು. ಮೂರನೇ ಅಧ್ಯಾಯದ ಅರ್ಧ ಐದನೆಯದರಲ್ಲಿ, ಅಡಿಟಿಪ್ಪಣಿ ಮುಂದಿನ ಪುಟದ ತಲೆಯ ಮೇಲೆ, ಗ್ರಂಥಸೂಚಿಯಲ್ಲಿ ಒಬ್ಬನೇ ಲೇಖಕ ಮೂರು ಬಗೆಯ ಕಾಗುಣಿತದಲ್ಲಿ. ಮಾರ್ಜಿನ್ ಅಕ್ಕ ಹೆಚ್ಚು ಓದಿದವಳಲ್ಲ. ಆದರೆ ಯಾವುದು ಎಲ್ಲಿರಬೇಕು ಎನ್ನುವುದು ಅವಳ ಕೈಗೇ ಗೊತ್ತಿತ್ತು. ದೃಢೀಕರಣ ಪತ್ರ, ಕೃತಜ್ಞತೆ, ಪರಿವಿಡಿ, ಕೋಷ್ಟಕಗಳ ಪಟ್ಟಿ, ಆಮೇಲೆ ಅಧ್ಯಾಯಗಳು, ಕೊನೆಗೆ ಅನುಬಂಧ. ಎರಡು ದಿನ ಕೂತಳೆಂದರೆ ಗಂಟು ಬಿಗಿಯಾಗಿ, ಚೊಕ್ಕಟವಾಗಿ ಎದ್ದು ನಿಲ್ಲುತ್ತಿತ್ತು. "ಒಳಗೇನಿದೆಯೋ ದೇವರಿಗೇ ಗೊತ್ತು, ಹೊರಗಿನಿಂದ ಮಾತ್ರ ಪಂಡಿತರು ಬರೆದ ಹಾಗೆ ಕಾಣತ್ತೆ" ಎಂದು ಗಂಡ ನಗುತ್ತಿದ್ದ. ಗಂಡ ಮಾತು ಕಡಿಮೆಯ ಮನುಷ್ಯ. ದಿನಕ್ಕೆ ಅಂಥದ್ದೊಂದು ಮಾತು ಆಡಿದರೆ ಅವತ್ತಿನ ಲೆಕ್ಕ ಮುಗಿಯಿತು.

ಅಚ್ಚುಕಟ್ಟಿನ ಬಗ್ಗೆ ಅವಳಿಗಿದ್ದ ಆ ಹಟವೇ ಅವಳನ್ನು ಸಿಕ್ಕಿಸಿ ಹಾಕಿತು.

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಹುಡುಗಿ ಬಂದಳು. ಬಿಸಿಲಿಗೆ ಕಪ್ಪಾದ ಮುಖ, ಸವೆದ ಚಪ್ಪಲಿ. ಊರಾಚೆಯ ಕಾಲೋನಿಯಲ್ಲಿರುವ ಕೈಪಂಪುಗಳ ನೀರಿನ ಮೇಲೆ ಅವಳ ಸಂಶೋಧನೆ. ನಲವತ್ತಾರು ಪಂಪುಗಳಿಂದ ಬಾಟಲಿಯಲ್ಲಿ ನೀರು ಹಿಡಿದು, ಯಾವುದರಲ್ಲಿ ಎಷ್ಟು ಫ್ಲೋರೈಡ್ ಇದೆ ಎಂದು ಅಳೆದಿದ್ದಳು. ಆ ಲವಣ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ಹಾಗೇ ಕುಡಿಯುತ್ತಾ ಹೋದರೆ ಮೂಳೆಗೂ ಕೇಡು ಎಂದು ಅವಳೇ ಬೆಂಚಿನ ಮೇಲೆ ಕೂತು ವಿವರಿಸಿದಳು. ಹಿಂದಿನ ಕೋಣೆಯಿಂದ ಕೇಳಿಸಿಕೊಂಡ ಗಂಡ ಅವಳಿಗೆ 'ಪಂಪಿನ ಹುಡುಗಿ' ಎಂದು ಹೆಸರಿಟ್ಟ.

"ಅಕ್ಕ, ನಾಲ್ಕೇ ದಿನ ಇರೋದು. ಆಗತ್ತಾ?" ಎಂದಳು ಹುಡುಗಿ.

"ನಾಲ್ಕು ದಿನದಲ್ಲಿ ನಾನು ಎರಡು ಪಿಎಚ್‌ಡಿ ಮಾಡಿಸ್ತೀನಿ. ನೀನು ಮೊದಲು ನೀರು ಕುಡಿ" ಎಂದಳು ಮಾರ್ಜಿನ್ ಅಕ್ಕ. "ಯಾವ ಪಂಪಿಂದು ಅಂತ ಮಾತ್ರ ಕೇಳಬೇಡ."

ಇಬ್ಬರೂ ನಕ್ಕರು. ಮೂರು ದಿನದಲ್ಲಿ ಅಧ್ಯಾಯಗಳು ಸರಿಹೋದವು. ಉಳಿದದ್ದು ಅನುಬಂಧಗಳು. ಮೊದಲನೆಯದು ಪ್ರಶ್ನಾವಳಿ. ಎರಡನೆಯದೇ ಆ ನಲವತ್ತಾರು ಪಂಪುಗಳ ಕೋಷ್ಟಕ. ಅದನ್ನು ಹುಡುಗಿ ಇನ್ನೂ ಟೈಪ್ ಮಾಡಿರಲಿಲ್ಲ; ಅಲೆದಾಡುವಾಗ ಕೈಯಲ್ಲಿ ಬರೆದುಕೊಂಡ ನಾಲ್ಕು ಹಾಳೆಗಳನ್ನೇ ತಂದುಕೊಟ್ಟಳು. ನಡೆದು ಹೋದ ದಾರಿಯ ಕ್ರಮದಲ್ಲಿ ಬರೆದದ್ದು: ಮೊದಲು ಶಾಲೆ ಮುಂದಿನ ಪಂಪು, ಆಮೇಲೆ ಆಸ್ಪತ್ರೆ ಹಿಂದಿನದು, ಆಮೇಲೆ ಗಿರಣಿ ಪಕ್ಕದ್ದು, ಹೀಗೆ. ಒಂದೊಂದರ ಎದುರೂ ಮೂರು ಅಂಕಿ.

"ಇದನ್ನ ನೀವೇ ಟೈಪ್ ಮಾಡಿ ನೋಡ್ಕೊಳ್ಳಿ ಅಕ್ಕ. ಆ ಅಂಕಿಗಳನ್ನ ಇನ್ನೊಂದು ಸಲ ನೋಡಿದ್ರೆ ನನಗೆ ವಾಂತಿ ಬರತ್ತೆ."

"ಹೋಗು, ಹೋಗಿ ಮಲಕ್ಕೋ" ಎಂದಳು ಮಾರ್ಜಿನ್ ಅಕ್ಕ.

ಅವಳು ಒಂದಕ್ಷರ, ಒಂದಂಕಿ ತಪ್ಪದ ಹಾಗೆ ಟೈಪ್ ಮಾಡಿದಳು. ಆಮೇಲೆ ಸ್ವಲ್ಪ ಹಿಂದಕ್ಕೆ ಸರಿದು ನೋಡಿದಳು. ಶಾಲೆ, ಆಸ್ಪತ್ರೆ, ಗಿರಣಿ, ಅಂಚೆಕಚೇರಿ. ಪಟ್ಟಿಗೆ ತಲೆಯಿಲ್ಲ ಬಾಲವಿಲ್ಲ. ಕಣ್ಣಿಗೆ ಚುಚ್ಚಿತು. ಅಕಾರಾದಿಯಲ್ಲಿದ್ದರೆ ಎಷ್ಟು ಚೆನ್ನ ಎನಿಸಿತು. ಯಾರೂ ಹೇಳಿರಲಿಲ್ಲ, ಹುಡುಗಿಯೂ ಕೇಳಿರಲಿಲ್ಲ. ಹೆಸರುಗಳ ಸಾಲನ್ನು ಆರಿಸಿ ಗುಂಡಿ ಒತ್ತಿದಳು. ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು. ಹೊರಗೆ ಯಾರೋ ಜೆರಾಕ್ಸ್ ಕೇಳುತ್ತಿದ್ದರು. ಪ್ರಶ್ನೆ ಓದದೆಯೇ ಆಕೆ 'ಸರಿ' ಎಂದು ಒತ್ತಿದಳು. ಹೆಸರುಗಳು ಅಕಾರಾದಿಯಲ್ಲಿ ಬಂದು ನಿಂತವು. ಎಡಗಡೆ ಕ್ರಮಸಂಖ್ಯೆ ಒಂದರಿಂದ ನಲವತ್ತಾರು ಇದ್ದ ಹಾಗೇ ಇತ್ತು. ನೋಡಲು ಬಲು ಸೊಗಸು. ಅದನ್ನೇ ಪ್ರಬಂಧಕ್ಕೆ ಸೇರಿಸಿದಳು.

ಐದು ಪ್ರತಿ ಮುದ್ರಣವಾಯಿತು, ಗಂಡ ಐದಕ್ಕೂ ಕಡುನೀಲಿ ರೆಕ್ಸಿನ್ ಹೊದಿಸಿದ. ಹುಡುಗಿ ಹೇಳಿದ ದಿನಕ್ಕೆ ಸರಿಯಾಗಿ ಎದುರಿನ ಕಚೇರಿಗೆ ಒಪ್ಪಿಸಿದಳು.

ಒಂಬತ್ತನೇ ದಿನ ಮಾರ್ಜಿನ್ ಅಕ್ಕ ಮೇಜು ಒಪ್ಪ ಮಾಡುತ್ತಿದ್ದಾಗ ಆ ನಾಲ್ಕು ಹಾಳೆ ಸಿಕ್ಕಿದವು. ಹುಡುಗಿಗೆ ವಾಪಸು ಕೊಡಬೇಕೆಂದು ತೆಗೆದಿಟ್ಟಳು. ಪಕ್ಕದಲ್ಲೇ ಮಸಿ ಹರಡಿ ಹಾಳಾಗಿದ್ದ ಅನುಬಂಧದ ಒಂದು ಪುಟ ಬಿದ್ದಿತ್ತು. ಸುಮ್ಮನೆ ಕಣ್ಣು ಹಾಯಿತು. ಕೈಬರಹದಲ್ಲಿ ಗಿರಣಿ ಪಂಪಿನ ಫ್ಲೋರೈಡ್ 0.6. ಅಚ್ಚಿನಲ್ಲಿ 4.1.

ಬೆರಳಿಟ್ಟು ಮುಂದೆ ಹೋದಳು. ಶಾಲೆ ಪಂಪಿಗೆ ಹುಡುಗಿ ಬರೆದದ್ದು 3.8; ಅಚ್ಚಿನಲ್ಲಿ 0.7. ಆಸ್ಪತ್ರೆಯದು ತಪ್ಪು, ಅಂಚೆಕಚೇರಿಯದು ತಪ್ಪು. ಹೆಸರುಗಳು ಮಾತ್ರ ಎದ್ದು ಜಾಗ ಬದಲಿಸಿದ್ದವು, ಅಂಕಿಗಳು ಕೂತಲ್ಲೇ ಕೂತಿದ್ದವು. ಪರದೆ ಕೇಳಿದ ಪ್ರಶ್ನೆ ಏನೆಂದು ಅವಳಿಗೆ ಆಗ ಹೊಳೆಯಿತು: ಈ ಒಂದು ಸಾಲು ಮಾತ್ರವೋ, ಪಕ್ಕದವನ್ನೂ ಸೇರಿಸಿಕೊಂಡೋ?

ಗಂಡ ಹಿಂದೆ ಗೋಂದು ಕಲಸುತ್ತಿದ್ದ. ಅವನಿಗೆ ಹೇಳದೆ, ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ರಸ್ತೆ ದಾಟಿದಳು. ಐದೂ ಪ್ರತಿ ಇನ್ನೂ ಕಚೇರಿಯ ಮೇಜಿನ ಮೇಲೇ ಇರುತ್ತವೆ, ಪರೀಕ್ಷಕರಿಗೆ ಹೋಗಲು ವಾರಗಳಾಗುತ್ತವೆ ಎಂದು ಅವಳಿಗೆ ಗೊತ್ತಿತ್ತು. ಒಂದು ಪುಟ ಬದಲಾಯಿಸಬೇಕು, ಐದು ಪ್ರತಿ ಬಿಚ್ಚಿ ಮತ್ತೆ ಹೊಲಿಯಬೇಕು, ಅಷ್ಟೇ.

ಕಚೇರಿಯ ಮೆಟ್ಟಿಲ ಬಳಿ ಹುಡುಗಿ ತನ್ನ ತಾಯಿಯ ಜೊತೆ ನಿಂತಿದ್ದಳು. ಮಗಳ ಪುಸ್ತಕ ನೋಡಲೆಂದೇ ಬಂದಿದ್ದ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು. ಹುಡುಗಿ ದೂರದಿಂದಲೇ ಕೂಗಿದಳು.

"ಅಕ್ಕಾ! ನಮ್ಮಮ್ಮ. ಅಮ್ಮ, ನಾನು ಹೇಳಿದ್ನಲ್ಲ, ಇವರೇ. ಇವರ ಕೈಯಲ್ಲಿ ಒಂದು ಚುಕ್ಕಿನೂ ತಪ್ಪಲ್ಲ."

ತಾಯಿ ಎರಡೂ ಕೈ ಹಿಡಿದುಕೊಂಡಳು. ಮಾರ್ಜಿನ್ ಅಕ್ಕ "ಸುಮ್ನೆ ಈ ಕಡೆ ಬಂದೆ" ಎಂದು ಹೇಳಿ ಹಿಂದಿರುಗಿದಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಬಂತು, ಅದರ ಮಾರನೇ ದಿನವೂ ಬಂತು.

ಮನಸ್ಸು ತನಗೆ ಬೇಕಾದ ಸಮಾಧಾನವನ್ನು ಹುಡುಕಿಕೊಳ್ಳುತ್ತದೆ. ಅನುಬಂಧ ಯಾರು ಓದುತ್ತಾರೆ? ಸಾಲಿನ ಕೆಳಗಿನ ಸರಾಸರಿ ಹಾಗೇ ಇದೆ, ಅದು ತಪ್ಪಲ್ಲ. ಅಧ್ಯಾಯಗಳಲ್ಲಿ ಹುಡುಗಿ ಪಂಪುಗಳನ್ನು ಹೆಸರಿನಿಂದ ಕರೆದಿಲ್ಲ, ಕ್ರಮಸಂಖ್ಯೆಯಿಂದ ಕರೆದಿದ್ದಾಳೆ, ಅದೂ ತಾಳೆಯಾಗುತ್ತದೆ. ಹೀಗೆ ಒಂದರ ಮೇಲೊಂದು ಪೇರಿಸುತ್ತಾ ಹೋದಳು. ಪೇರಿಸಿದ್ದೂ ನಿಲ್ಲುತ್ತಿತ್ತು. ಪರೀಕ್ಷಕರು ಓದಿದರು, ಯಾರಿಗೂ ಏನೂ ಕಾಣಲಿಲ್ಲ. ಮೌಖಿಕ ಪರೀಕ್ಷೆ ಮುಗಿಯಿತು. ಪಂಪಿನ ಹುಡುಗಿ ಡಾಕ್ಟರ್ ಆದಳು, ಬೇರೆ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಹೋಗುವ ಮೊದಲು ಒಂದು ಪ್ರತಿ ತಂದು ಮಾರ್ಜಿನ್ ಅಕ್ಕನ ಕೈಗಿಟ್ಟಳು.

"ಕೃತಜ್ಞತೆ ಪುಟದಲ್ಲಿ ನಿಮ್ಮ ಬಗ್ಗೆ ಬರೆದಿದ್ದು ಗೊತ್ತಲ್ಲ? ನೀವೇ ಟೈಪ್ ಮಾಡಿದ್ರಿ."

ಗೊತ್ತಿತ್ತು. 'ಒಂದು ತಪ್ಪೂ ಉಳಿಯದಂತೆ ಈ ಪ್ರಬಂಧವನ್ನು ರೂಪಿಸಿಕೊಟ್ಟ ಅಕ್ಕನಿಗೆ.' ಆ ಸಾಲನ್ನು ಅವತ್ತು ಟೈಪ್ ಮಾಡುವಾಗ ಹಿಗ್ಗಿದ್ದಳು. ಈಗ ಪುಸ್ತಕವನ್ನು ಕಪಾಟಿನ ಮೇಲಿನ ಹಲಗೆಗೆ, ಬೆನ್ನು ಗೋಡೆಯ ಕಡೆ ಮಾಡಿ ಇಟ್ಟಳು. ಕೈಬರಹದ ಹಾಳೆಗಳನ್ನು ಕೊಡಲಿಲ್ಲ. ಹರಿದುಹಾಕಲೂ ಆಗಲಿಲ್ಲ. ಹಳೇ ಬಿಲ್ಲುಗಳ ಕೆಳಗೆ ಸೇರಿಸಿಟ್ಟಳು.

ಮೂರು ವರ್ಷ ಕಳೆಯಿತು. ಗಂಡನ ತಂಗಿ, ಎಂದರೆ ಅವಳ ನಾದಿನಿ, ತನ್ನ ಗಂಡನಿಗೆ ವರ್ಗವಾಗಿ ಅದೇ ಊರಾಚೆಯ ಕಾಲೋನಿಗೆ ಬಾಡಿಗೆಗೆ ಬಂದಳು. ಕೈಯಲ್ಲಿ ಒಂದು ವರ್ಷದ ಕೂಸು. ಮನೆ ನೋಡಿ ಬರೋಣವೆಂದು ಒಂದು ಭಾನುವಾರ ಮಾರ್ಜಿನ್ ಅಕ್ಕ ಒಬ್ಬಳೇ ಹೋದಳು. ಗಂಡನಿಗೆ ತುರ್ತಿನ ಬೈಂಡಿಂಗ್ ಇತ್ತು.

ಬಸ್ಸಿಳಿದು ನಡೆಯುವಾಗ ಹಿಟ್ಟಿನ ಗಿರಣಿ ಸಿಕ್ಕಿತು. ಅದರ ಪಕ್ಕ ಒಂದು ಕೈಪಂಪು. ಹಿಡಿಯಿಂದ ಬುಡದ ತನಕ ಕೆಂಪು ಬಣ್ಣ ಬಳಿದಿದ್ದರು. ಸುತ್ತ ಹುಲ್ಲು ಬೆಳೆದಿತ್ತು. ಅವಳ ನಡಿಗೆ ನಿಧಾನವಾಯಿತು.

ನಾದಿನಿ ಬಾಗಿಲಲ್ಲೇ ಸಿಕ್ಕಳು. "ಬನ್ನಿ ಅತ್ತಿಗೆ, ಬಿಸಿಲಲ್ಲಿ ಬಂದಿದ್ದೀರಿ. ಮೊದಲು ನೀರು ಕುಡೀರಿ."

"ಆ ಗಿರಣಿ ಹತ್ರ ಪಂಪು ಯಾಕೆ ಕೆಂಪಗಿದೆ?"

"ಅದಾ? ಅದರ ನೀರು ಕೆಟ್ಟದ್ದಂತೆ. ನೀರಿನ ಕಚೇರಿಯವರು ಎರಡು ವರ್ಷದ ಕೆಳಗೆ ಬಳಿದು ಹೋದರಂತೆ. ಯಾವುದೋ ದೊಡ್ಡ ಸಂಶೋಧನೆ ಪುಸ್ತಕದಲ್ಲಿ ಎಲ್ಲಾ ಪಂಪಿನ ಪಟ್ಟಿ ಇದೆಯಂತೆ, ಅದನ್ನ ನೋಡ್ಕೊಂಡು. ಕೆಂಪಿದ್ದರೆ ಕುಡೀಬಾರದು, ಹಸಿರಿದ್ದರೆ ಕುಡೀಬಹುದು. ನಾವು ಶಾಲೆ ಮುಂದಿನ ಹಸಿರು ಪಂಪಿಂದ ತರ್ತೀವಿ, ದೂರ ಆದ್ರೂ ಪರವಾಗಿಲ್ಲ ಅಂತ."

ಒಳಗೆ ಕೂಸಿನ ಬಾಟಲಿಗೆ ಅದೇ ನೀರು ತುಂಬಿಟ್ಟಿತ್ತು. ನಾದಿನಿ ಲೋಟ ಮುಂದೆ ಹಿಡಿದಿದ್ದಳು. ಮಾರ್ಜಿನ್ ಅಕ್ಕ ಲೋಟವನ್ನು ಹಿಂದಕ್ಕೆ ತಳ್ಳಿದಳು.

"ಕುಡೀಬೇಡ" ಎಂದಳು. "ಮಗೂಗೆ ಕೊಡಬೇಡ. ಚೆಲ್ಲು ಅದನ್ನ."

"ಏನ್ ಅತ್ತಿಗೆ, ಹಸಿರು ಪಂಪಿಂದೇ ಅಂತ ಹೇಳಿದ್ನಲ್ಲ!"

ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿ ಕೂಸನ್ನು ಆಡಿಸಲು ಓಡಿ ಬಂದಳು. ಏಳೆಂಟು ವರ್ಷ ಇರಬಹುದು. ಹೊಸಬರನ್ನು ನೋಡಿ ನಕ್ಕಳು. ಹೊಸದಾಗಿ ಬಂದ ಮುಂದಿನ ಎರಡು ಹಲ್ಲುಗಳ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಹಾಗೆ ಬಿಳಿ ಪಟ್ಟೆಗಳು, ತುದಿಯಲ್ಲಿ ತಿಳಿ ಕಂದು.

ಮಾರ್ಜಿನ್ ಅಕ್ಕ ಅಲ್ಲಿ ಊಟ ಮಾಡಲಿಲ್ಲ. ಬಾಟಲಿಯ ನೀರನ್ನು ತಾನೇ ಚೆಲ್ಲಿ, ಸದ್ಯಕ್ಕೆ ಆ ಪಂಪಿನ ನೀರು ಬೇಡ, ಕಾರಣ ಆಮೇಲೆ ಹೇಳುತ್ತೇನೆ ಎಂದು, ತಲೆನೋವಿನ ನೆಪ ಹೇಳಿ ಹೊರಟಳು. ಅಂಗಡಿಗೆ ಬಂದು ನೇರವಾಗಿ ಹಿಂದಿನ ಕೋಣೆಗೆ ಹೋದಳು, ಗಂಡ ಹೊಲಿಗೆ ಹಾಕುತ್ತಿದ್ದವನು ತಲೆ ಎತ್ತಿದ.

"ರೀ, ನಾನೊಂದು ತಪ್ಪು ಮಾಡಿದೀನಿ."

ಎಲ್ಲವನ್ನೂ ಹೇಳಿದಳು. ಗುಂಡಿ ಒತ್ತಿದ್ದು, ಒಂಬತ್ತನೇ ದಿನ, ರಸ್ತೆ ದಾಟಿ ಹಿಂದಿರುಗಿದ್ದು, ಗಿರಣಿ ಪಂಪು, ಆ ಮಗುವಿನ ಹಲ್ಲು. ಗಂಡ ಸೂಜಿಯನ್ನು ಹಾಳೆಗಳಿಗೆ ಚುಚ್ಚಿ ನಿಲ್ಲಿಸಿ ಕೇಳಿದ.

"ಅವತ್ತೇ ಹೇಳಿದ್ದರೆ ಐದೂ ಪ್ರತಿ ಬಿಚ್ಚಿ ಹಾಕೋದು ನನಗೆ ಅರ್ಧ ದಿನದ ಕೆಲಸ" ಎಂದ.

ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಅವಳು ಗಳಗಳ ಅತ್ತಳು.

"ಆ ಹುಡುಗಿ ಬರೆದ ಹಾಳೆ ಇದೆಯಾ?"

"ಇದೆ."

"ಹಾಗಾದರೆ ನಾಳೆ ಹೋಗು. ನಾನೂ ಬರ್ಲಾ?"

"ಬೇಡಿ. ನಾನೇ ಹೋಗ್ಬೇಕು."

ಮಾರನೇ ದಿನ ಬೆಳಗ್ಗೆ ಎರಡು ಬಸ್ಸು ಬದಲಾಯಿಸಿ ಪಂಪಿನ ಹುಡುಗಿ ಕೆಲಸ ಮಾಡುವ ಕಾಲೇಜಿಗೆ ಹೋದಳು. ಹುಡುಗಿ ಪ್ರಯೋಗಾಲಯದ ಪಕ್ಕದ ಸಣ್ಣ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಕಂಡೊಡನೆ ಎದ್ದು ಕುರ್ಚಿ ಎಳೆದುಕೊಟ್ಟಳು. ಮಾರ್ಜಿನ್ ಅಕ್ಕ ಕೂರಲಿಲ್ಲ. ಹಾಳೆಗಳನ್ನು ಮೇಜಿನ ಮೇಲಿಟ್ಟು, ಅವುಗಳ ಪಕ್ಕದಲ್ಲಿ ಕಪಾಟಿನಿಂದ ತಂದ ಪ್ರತಿಯ ಅನುಬಂಧದ ಪುಟ ತೆರೆದಿಟ್ಟಳು. ನಿಂತುಕೊಂಡೇ ಹೇಳಿದಳು. ಮೂರು ವರ್ಷದ ಹಿಂದೆ 'ನೀನು' ಎನ್ನುತ್ತಿದ್ದವಳ ಬಾಯಲ್ಲಿ ಈಗ 'ನೀವು' ಬರುತ್ತಿತ್ತು. ಅದು ಅವಳಿಗೇ ತಿಳಿಯಲಿಲ್ಲ.

ಹುಡುಗಿ ಬೆರಳಿಟ್ಟು ಒಂದೊಂದೇ ಸಾಲು ನೋಡಿದಳು.

"ನಿಮಗೆ ಯಾವಾಗ ಗೊತ್ತಾಯ್ತು?"

ಅದೊಂದು ಪ್ರಶ್ನೆ ಕೇಳದೇ ಇರಲಿ ಎಂದು ಮಾರ್ಜಿನ್ ಅಕ್ಕ ದಾರಿಯುದ್ದಕ್ಕೂ ಬೇಡಿಕೊಂಡಿದ್ದಳು. ನಿನ್ನೆ ಗೊತ್ತಾಯಿತು ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ನೀವು ಒಪ್ಪಿಸಿದ ಒಂಬತ್ತನೇ ದಿನ. ನಿಮ್ಮಮ್ಮ ಬಂದಿದ್ದರಲ್ಲ, ಅವತ್ತು ಅದನ್ನ ಹೇಳೋಕೇ ಬಂದಿದ್ದೆ."

"ಹೇಳೋಕೆ ಬಂದು ನಮ್ಮಮ್ಮನ ಕೈ ಹಿಡಿದುಕೊಂಡು ವಾಪಸ್ ಹೋದ್ರಾ?"

ಮಾರ್ಜಿನ್ ಅಕ್ಕ ತಲೆಯಾಡಿಸಿದಳು.

"ನೀರಿನ ಕಚೇರಿಯವರು ನನಗೆ ಕಾಗದ ಬರೆದಿದ್ದರು" ಎಂದಳು ಹುಡುಗಿ. "ನಿಮ್ಮ ಪಟ್ಟಿ ಬಳಸಿಕೊಳ್ಳಲಾ ಅಂತ. ಸಂತೋಷದಿಂದ ಒಪ್ಪಿಗೆ ಕೊಟ್ಟೆ. ನನ್ನ ಕೆಲಸದಿಂದ ಹತ್ತು ಜನಕ್ಕೆ ಉಪಯೋಗ ಆಯ್ತು ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೆ. ಆ ಪುಟ ನಾನೂ ಓದಿ ನೋಡಲಿಲ್ಲ. ಶಾಲೆ ಪಂಪಿಂದು ಮೂರು ಮುಕ್ಕಾಲು ದಾಟಿತ್ತು ಅಂತ ನನಗೆ ಬಾಯಿಪಾಠ ಇತ್ತು. ಒಂದು ಸಲ ನೋಡಿದ್ರೆ ಸಾಕಿತ್ತು."

"ತಪ್ಪು ನಂದು. ನೀವು ನನ್ನ ನಂಬಿದ್ರಿ."

"ಹೌದು, ನಂಬಿದ್ದೆ." ಹುಡುಗಿ ಉತ್ತರಪತ್ರಿಕೆಗಳನ್ನು ಬದಿಗೆ ಸರಿಸಿ ಚೀಲ ತೆಗೆದುಕೊಂಡಳು. "ನಿಮ್ಮನ್ನ ಬೈಯೋಕೆ ಆಮೇಲೆ ಬೇಕಾದಷ್ಟು ಹೊತ್ತಿದೆ. ಈಗ ನಡೀರಿ."

ಅದೇ ಮಧ್ಯಾಹ್ನ ಇಬ್ಬರೂ ನೀರಿನ ಕಚೇರಿಗೆ ಹೋದರು. ಅಲ್ಲಿನ ಎಂಜಿನಿಯರ್ ಕನ್ನಡಕ ಹಣೆಗೇರಿಸಿ ಎರಡೂ ಪಟ್ಟಿ ನೋಡಿ, "ಅಲ್ಲಾರೀ, ಇದು ಅಚ್ಚಾದ ಪುಸ್ತಕ. ಅದನ್ನ ಬಿಟ್ಟು ಈ ಗೀಚಿದ ಹಾಳೆ ನಂಬು ಅಂತೀರಲ್ಲ" ಎಂದರು. ಅಚ್ಚಾದದ್ದು ಹೇಗೆ ಎಂದು ಮಾರ್ಜಿನ್ ಅಕ್ಕ ಮತ್ತೊಮ್ಮೆ, ಮೊದಲಿಂದ ಹೇಳಬೇಕಾಯಿತು. ಕಚೇರಿಯ ನಾಲ್ಕು ಮಂದಿ ಗುಮಾಸ್ತರು ಕೆಲಸ ಬಿಟ್ಟು ಕೇಳಿದರು. ಒಬ್ಬ ನಕ್ಕ. ಹುಡುಗಿ ಅವನ ಕಡೆ ತಿರುಗಿ ನೋಡಿದ ಮೇಲೆ ಸುಮ್ಮನಾದ.

ನೀರನ್ನು ಮತ್ತೆ ಪರೀಕ್ಷೆ ಮಾಡಿದರು. ಹುಡುಗಿ ರಜೆ ಹಾಕಿ ತಾನೇ ಬಾಟಲಿ ಹಿಡಿದು ನಲವತ್ತಾರು ಪಂಪುಗಳನ್ನೂ ಸುತ್ತಿದಳು. ಕೈಬರಹದ ಹಾಳೆಯೇ ಸರಿಯಿತ್ತು. ಒಂಬತ್ತು ಒಳ್ಳೆಯ ಪಂಪುಗಳು ಕೆಂಪಾಗಿದ್ದವು. ಒಂಬತ್ತು ಕೆಟ್ಟವು ಹಸಿರಾಗಿದ್ದವು. ಬಣ್ಣ ಬದಲಾಯಿಸಿದರು. ಪತ್ರಿಕೆಯೊಂದರ ಒಳಪುಟದಲ್ಲಿ ಸಣ್ಣ ಸುದ್ದಿ ಬಂತು. ಅದರಲ್ಲಿ 'ಸಂಶೋಧಕಿಯ ನಿರ್ಲಕ್ಷ್ಯ' ಎಂದಿತ್ತು, ಟೈಪ್ ಮಾಡಿದವಳ ಮಾತೇ ಇರಲಿಲ್ಲ. ಮಾರ್ಜಿನ್ ಅಕ್ಕ ಪತ್ರಿಕೆಗೂ ವಿಶ್ವವಿದ್ಯಾಲಯಕ್ಕೂ ಕಾಗದ ಬರೆದಳು: ತಪ್ಪು ನನ್ನದು, ಗೊತ್ತಿದ್ದೂ ಮುಚ್ಚಿಟ್ಟವಳು ನಾನು. ಪತ್ರಿಕೆ ಅದನ್ನು ಅಚ್ಚು ಹಾಕಲಿಲ್ಲ. ವಿಶ್ವವಿದ್ಯಾಲಯ ಒಂದು ಸಮಿತಿ ಮಾಡಿತು. ಪದವಿಗೆ ತೊಂದರೆಯಾಗಲಿಲ್ಲ, ಆದರೆ ಹುಡುಗಿ ಐದು ಜನ ಹಿರಿಯರ ಮುಂದೆ ಕೈಕಟ್ಟಿ ನಿಂತು ಉತ್ತರ ಕೊಡಬೇಕಾಯಿತು. ಆ ವರ್ಷ ಸಿಗಬೇಕಿದ್ದ ಬಡ್ತಿ ಅವಳಿಗೆ ಸಿಗಲಿಲ್ಲ. ಗ್ರಂಥಾಲಯದ ಪ್ರತಿಗೆ ಅಂಟಿಸಲು ಒಂದು ತಿದ್ದುಪಡಿ ಪುಟ ಬೇಕಿತ್ತು. ಅದನ್ನು ಹುಡುಗಿ ಬೇರೆ ಕಡೆ ಮಾಡಿಸಿದಳು.

ಬೈಯುವ ಹೊತ್ತು ಬರಲೇ ಇಲ್ಲ. ಮಾರ್ಜಿನ್ ಅಕ್ಕ ಎರಡು ಸಲ ಫೋನ್ ಮಾಡಿದಳು. "ಹೇಳಿ" ಎನ್ನುತ್ತಿದ್ದಳು ಹುಡುಗಿ, ಮರ್ಯಾದೆಯಿಂದ, 'ಅಕ್ಕ' ಎನ್ನದೆ. ಮೂರನೇ ಸಲ ಮಾಡಲು ಧೈರ್ಯ ಬರಲಿಲ್ಲ.

ಅಂಗಡಿಗೆ ಒಂದಷ್ಟು ತಿಂಗಳು ಜನ ಕಡಿಮೆಯಾದರು. ಮತ್ತೆ ಬಂದರು, ಕೊನೆಯ ದಿನ ಹತ್ತಿರ ಬಂದಾಗ ಯಾರೂ ಹಳೆಯ ಕಥೆ ಕೇಳುವುದಿಲ್ಲ. ಆದರೆ ಅವಳೇ ಬದಲಾಗಿದ್ದಳು. ಕೋಷ್ಟಕ ಇದ್ದರೆ ಸಂಶೋಧಕರನ್ನು ಬೆಂಚಿನ ಮೇಲೆ ಕೂರಿಸಿ, ಮೂಲ ಹಾಳೆ ಅವರ ಕೈಗೆ ಕೊಟ್ಟು, ಗಂಡನ ಬಾಯಿಂದ ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಓದಿಸುತ್ತಿದ್ದಳು. ದಿನಕ್ಕೊಂದೇ ಮಾತಾಡುತ್ತಿದ್ದ ಗಂಡ ಆಗ ಗಂಟಲು ನೋಯುವಷ್ಟು ಓದುತ್ತಿದ್ದ. "ಅಕ್ಕ, ಅನುಬಂಧ ತಾನೇ, ಬಿಡಿ" ಎಂದು ಯಾರಾದರೂ ಗೊಣಗಿದರೆ ಅವಳು ಜಗಳಕ್ಕೆ ನಿಲ್ಲುತ್ತಿರಲಿಲ್ಲ, ನಗೆಚಾಟಿಕೆಯೂ ಇಲ್ಲ. "ಓದಿ" ಎನ್ನುತ್ತಿದ್ದಳು, ಅಷ್ಟೇ.

ಒಂದು ಕೆಲಸ ಮಾತ್ರ ಉಳಿದಿತ್ತು. ಅದನ್ನು ಮುಂದಕ್ಕೆ ಹಾಕುತ್ತಾ ಹಾಕುತ್ತಾ ಎರಡು ತಿಂಗಳಾಯಿತು. ಕೊನೆಗೆ ಒಂದು ಬೆಳಗ್ಗೆ ನಾದಿನಿಯ ಮನೆಗೆ ಹೋಗದೆ ನೇರವಾಗಿ ಪಕ್ಕದ ಮನೆಯ ಬಾಗಿಲು ತಟ್ಟಿದಳು. ಆ ಪಟ್ಟೆ ಹಲ್ಲಿನ ಮಗುವಿನ ತಾಯಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಾರ್ಜಿನ್ ಅಕ್ಕ ಕಲ್ಲಿನ ಪಕ್ಕ ನಿಂತು ಹೇಳಿದಳು. ಹಲ್ಲಿನ ಡಾಕ್ಟರನ್ನು ತಾನೇ ಹೋಗಿ ಕೇಳಿದ್ದನ್ನೂ ಹೇಳಿದಳು: ಹಲ್ಲು ಒಳಗೆ ರೂಪುಗೊಳ್ಳುವುದು ಬಹಳ ಮೊದಲೇ, ಆ ಕಲೆ ಈ ಎರಡು ವರ್ಷದ ನೀರಿನದೋ, ಅದಕ್ಕೂ ಹಿಂದಿನದೋ ಯಾರೂ ಖಚಿತವಾಗಿ ಹೇಳಲಾರರು.

ತಾಯಿ ಒದ್ದೆ ಕೈಯಲ್ಲೇ ಕೇಳಿಸಿಕೊಂಡಳು.

"ನೀವು ಹೇಳಿದ್ದು ಅರ್ಥ ಆಯ್ತು" ಎಂದಳು. "ಈಗ ನಾನೇನ್ಮಾಡ್ಬೇಕು? ಪರವಾಗಿಲ್ಲ ಅಂತ ಹೇಳ್ಬೇಕಾ?"

"ಇಲ್ಲ. ಹಾಗೆ ಹೇಳೋದು ಬೇಡ."

"ಹೇಳೋದೂ ಇಲ್ಲ." ತಾಯಿ ಉಳಿದ ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿದಳು. ಮಾರ್ಜಿನ್ ಅಕ್ಕ ಹೋಗಲೂ ಆಗದೆ, ಇರಲೂ ಆಗದೆ ನಿಂತಿದ್ದಳು. ತಾಯಿ ಎರಡು ಖಾಲಿ ಕೊಡ ಎತ್ತಿಕೊಂಡು, ಒಂದನ್ನು ಅವಳ ಕಡೆ ಚಾಚಿದಳು.

"ಗಿರಣಿ ಪಂಪು ಗಟ್ಟಿ. ಒಬ್ಬರು ಹಿಡಿ ಒತ್ತಬೇಕು, ಇನ್ನೊಬ್ಬರು ಕೊಡ ಹಿಡೀಬೇಕು. ಬನ್ನಿ."

ಮಾರ್ಜಿನ್ ಅಕ್ಕ ಕೊಡ ತೆಗೆದುಕೊಂಡು ಅವಳ ಹಿಂದೆ ನಡೆದಳು. ಈಗ ಹಸಿರಾಗಿದ್ದ ಪಂಪಿನ ಕೆಳಗೆ ತಾಯಿ ಕೊಡ ಹಿಡಿದಳು, ಮಾರ್ಜಿನ್ ಅಕ್ಕ ಹಿಡಿ ಒತ್ತಿದಳು.